ನೀರಿನ ಖಾತೆಯಲ್ಲಿ ಬ್ಯಾಲೆನ್ಸ್ ಎಷ್ಟಿದೆ? ನ್ಯೂಜಿಲೆಂಡ್‌ನ ಪರ್ಮಿಟ್ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)



ಹೋದ ತಿಂಗಳು, ನನ್ನ ಜೊತೆ ಬಿ.ಕಾಂ ಓದಿದ ಗೆಳೆಯನೊಬ್ಬ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಅವನು ಈಗ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಅಕೌಂಟ್ಸ್ ಕೆಲಸ ಮಾಡ್ತಾನೆ. ಫೋಟೋದಲ್ಲಿ ಇದ್ದದ್ದು ಒಂದು ಸಾರ್ವಜನಿಕ ಪ್ರಕಟಣೆ. ಒಬ್ಬ ಡೈರಿ ರೈತನ ಹಳೇ ಪರ್ಮಿಟ್ ಅವಧಿ ಮುಗೀತಾ ಇದೆ, ಬೋರ್‌ವೆಲ್‌ನಿಂದ ನೀರು ಎತ್ತೋಕೆ ಮತ್ತೆ ಅನುಮತಿ ಕೇಳಿದಾನೆ. ಸೆಕೆಂಡಿಗೆ ಇಷ್ಟು ಲೀಟರ್, ವರ್ಷಕ್ಕೆ ಒಟ್ಟು ಇಷ್ಟು. ಇದರ ಬಗ್ಗೆ ಯಾರಿಗಾದರೂ ಹೇಳೋದಿದ್ದರೆ ಇಂಥ ದಿನಾಂಕದೊಳಗೆ ಬರೆದು ಕೊಡಿ. ಕೆಳಗೆ ಗೆಳೆಯ ಟೈಪ್ ಮಾಡಿದ್ದ: "ಮಗಾ, ಜಮೀನು ಅವನದು, ಬೋರು ಅವನದು. ಮಧ್ಯೆ ಮಾತಾಡೋಕೆ ನಾನ್ಯಾರು?"

ಒಳ್ಳೇ ಪ್ರಶ್ನೆ. ಇವತ್ತಿನ ಸಂಚಿಕೆ ಪೂರ್ತಿ ಅದಕ್ಕೆ ಉತ್ತರ.

ಮೊದಲು, ಈ ಕೌನ್ಸಿಲ್ ಅಂದ್ರೆ ಏನು?

ನ್ಯೂಜಿಲೆಂಡ್‌ನಲ್ಲಿ 1989ರಲ್ಲಿ ಸ್ಥಳೀಯ ಆಡಳಿತವನ್ನು ದೊಡ್ಡದಾಗಿ ಬದಲಾಯಿಸಿದರು. ಆಗ ಪ್ರಾದೇಶಿಕ ಕೌನ್ಸಿಲ್‌ಗಳು ಬಂದವು. ಈಗ ಅಂಥವು 11 ಇವೆ. ಉಳಿದ ಕಡೆ, ಆಕ್ಲೆಂಡ್, ಮಾರ್ಲ್‌ಬರೊ ಥರದ ಜಾಗಗಳಲ್ಲಿ, ಒಂದೇ ಕೌನ್ಸಿಲ್ ಊರಿನ ಕೆಲಸ ಮತ್ತು ಪ್ರದೇಶದ ಕೆಲಸ ಎರಡನ್ನೂ ನೋಡಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ್ದು ಗಡಿ. ಈ ಕೌನ್ಸಿಲ್‌ಗಳ ಗಡಿಯನ್ನು ಬಹುಮಟ್ಟಿಗೆ ನದಿಗಳ ಜಲಾನಯನ ಪ್ರದೇಶ ನೋಡಿ ಎಳೆದಿದ್ದಾರೆ. ಅಂದ್ರೆ ಒಂದು ನದಿ ಹುಟ್ಟೋ ಬೆಟ್ಟದಿಂದ ಅದು ಸಮುದ್ರ ಸೇರೋ ತನಕ ಲೆಕ್ಕ ಇಡೋದು ಆದಷ್ಟೂ ಒಂದೇ ಕಚೇರಿ. ಮೇಲಿನವರು, ಕೆಳಗಿನವರು ಅಂತ ನದಿ ನೀರಿಗೆ ದಶಕಗಟ್ಟಲೆ ಜಗಳ ಆಡೋದು ಏನು ಅಂತ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ.

ಎರಡು ವರ್ಷ ಬಿಟ್ಟು, 1991ರಲ್ಲಿ, ರಿಸೋರ್ಸ್ ಮ್ಯಾನೇಜ್‌ಮೆಂಟ್ ಆಕ್ಟ್ ಬಂತು. ಎಲ್ಲರೂ ಕರೆಯೋದು ಆರ್‌ಎಂಎ ಅಂತ. ನೆಲ, ನೀರು, ಗಾಳಿ, ಕರಾವಳಿ, ಎಲ್ಲವನ್ನೂ ಒಂದೇ ಕಾನೂನಿನೊಳಗೆ ತಂದರು. ಅದರಡಿ ಸಿಗೋ ಅನುಮತಿಗೆ ರಿಸೋರ್ಸ್ ಕನ್ಸೆಂಟ್ ಅಂತ ಹೆಸರು. ಅದು ಐದು ಥರ: ಭೂ ಬಳಕೆ, ಜಮೀನು ವಿಭಜನೆ, ನೀರು ಎತ್ತುವುದು, ಏನನ್ನಾದರೂ ಹೊರಬಿಡುವುದು, ಮತ್ತೆ ಕರಾವಳಿ ಬಳಕೆ.

ನೆಲಕ್ಕೊಂದು ನಿಯಮ, ನೀರಿಗೆ ಅದರ ಉಲ್ಟಾ

ಈ ಕಾನೂನಿನಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇದು. ನೆಲದ ವಿಷಯದಲ್ಲಿ, ಯಾವುದಾದರೂ ನಿಯಮ 'ಬೇಡ' ಅನ್ನದಿದ್ದರೆ ನೀವು ಮಾಡಬಹುದು. ನೀರಿನ ವಿಷಯದಲ್ಲಿ, ಯಾವುದಾದರೂ ನಿಯಮ ಅಥವಾ ಪರ್ಮಿಟ್ 'ಸರಿ' ಅನ್ನದಿದ್ದರೆ ಮಾಡುವ ಹಾಗಿಲ್ಲ. ನೀರು ಎತ್ತೋದು, ತಡೆಯೋದು, ತಿರುಗಿಸೋದು, ನೀರಿಗೆ ಕೊಳೆ ಬಿಡೋದು, ಎಲ್ಲದಕ್ಕೂ ಇದೇ.

ವಿನಾಯಿತಿ ಇದೆ. ಮನೆ ಬಳಕೆಗೆ ಬೇಕಾದಷ್ಟು ನೀರು, ಸಾಕಿದ ಪ್ರಾಣಿಗಳಿಗೆ ಕುಡಿಯೋ ನೀರು, ಬೆಂಕಿ ಆರಿಸೋಕೆ ನೀರು: ಇವಕ್ಕೆ ಪರ್ಮಿಟ್ ಬೇಡ. ಆದರೆ ಹುಲ್ಲುಗಾವಲಿಗೆ ನೀರಾವರಿ, ಕಾರ್ಖಾನೆ, ಬಾಟಲಿ ವ್ಯಾಪಾರ ಅಂದ ಕೂಡಲೇ ಕೌನ್ಸಿಲ್ ಬಾಗಿಲಿಗೆ ಹೋಗಬೇಕು.

ನಮ್ಮಲ್ಲಿ ಹೇಗೆ? ಭಾರತದಲ್ಲಿ 1882ರ ಈಸ್‌ಮೆಂಟ್ಸ್ ಆಕ್ಟ್ ಕಾಲದಿಂದ ಬಂದ ಯೋಚನೆ ಅಂದ್ರೆ, ಜಮೀನು ಯಾರದೋ ಅದರ ಕೆಳಗಿನ ನೀರು ಎತ್ತೋ ಹಕ್ಕೂ ಅವರದು. ಆಮೇಲೆ ಕರ್ನಾಟಕವೂ ಅಂತರ್ಜಲಕ್ಕೆ ಅಂತ ಕಾನೂನು ತಂದಿತು. ಆದರೂ ನಮ್ಮ ತಲೇಲಿ ಕೂತಿರೋದು 'ನನ್ನ ಹೊಲ, ನನ್ನ ಬೋರು' ಅನ್ನೋದೇ. ಗೆಳೆಯ ಮೆಸೇಜ್ ಮಾಡಿದ್ದೂ ಅದನ್ನೇ. ನ್ಯೂಜಿಲೆಂಡ್ ಕಾನೂನು ಹೇಳೋದು ಬೇರೆ. ರೈತನ ಕೈಲಿರೋ ಪರ್ಮಿಟ್ ಆಸ್ತಿಯೇ ಅಲ್ಲ, ಸ್ಥಿರಾಸ್ತಿಯೂ ಅಲ್ಲ, ಚರಾಸ್ತಿಯೂ ಅಲ್ಲ ಅಂತ ಆರ್‌ಎಂಎ ಬರೆದೇ ಹೇಳಿದೆ. ಅದು ಷರತ್ತಿರೋ, ಅವಧಿ ಇರೋ ಒಂದು ಒಪ್ಪಿಗೆ ಅಷ್ಟೇ. ಹೆಚ್ಚೆಂದರೆ 35 ವರ್ಷ. ಪರ್ಮಿಟ್‌ನಲ್ಲಿ ಅವಧಿ ಬರೆಯದೇ ಬಿಟ್ಟರೆ 5 ವರ್ಷ.

ಅರ್ಜಿ ಹಾಕಿದ ಮೇಲೆ ಏನಾಗತ್ತೆ?

ಅರ್ಜಿ ಜೊತೆಗೆ, ಈ ಕೆಲಸದಿಂದ ಪರಿಸರದ ಮೇಲೆ ಏನೇನು ಪರಿಣಾಮ ಆಗಬಹುದು ಅಂತ ಅರ್ಜಿದಾರರೇ ಬರೆದು ಕೊಡಬೇಕು. ಕೌನ್ಸಿಲ್ ತನ್ನ ಪ್ರಾದೇಶಿಕ ಯೋಜನೆ ತೆಗೆದು ನೋಡುತ್ತದೆ. ಆ ಯೋಜನೆಯಲ್ಲಿ ಪ್ರತಿ ಚಟುವಟಿಕೆಗೂ ಒಂದು ದರ್ಜೆ ಇರುತ್ತದೆ. ಒಂದು ತುದಿಯಲ್ಲಿ ಪರ್ಮಿಟ್ಟೇ ಬೇಡದ ಕೆಲಸ. ಇನ್ನೊಂದು ತುದಿಯಲ್ಲಿ ಅರ್ಜಿಯನ್ನೇ ತೆಗೆದುಕೊಳ್ಳದ, ಪೂರ್ತಿ ನಿಷಿದ್ಧ ಕೆಲಸ. ಬಹಳಷ್ಟು ಅರ್ಜಿಗಳು ಇವೆರಡರ ಮಧ್ಯೆ ಬೀಳುತ್ತವೆ.

ಪರಿಣಾಮ ಚಿಕ್ಕದಾದರೆ ಯಾರಿಗೂ ತಿಳಿಸದೆ ನಿರ್ಧಾರ ಮಾಡಬಹುದು. ಒಂದಿಬ್ಬರು ನೆರೆಯವರಿಗೆ ತೊಂದರೆ ಅನ್ನಿಸಿದರೆ ಅವರಿಗೆ ಮಾತ್ರ ನೋಟಿಸ್. ದೊಡ್ಡದಾದರೆ ಸಾರ್ವಜನಿಕ ಪ್ರಕಟಣೆ. ಆಗ ಯಾರು ಬೇಕಾದರೂ 20 ಕೆಲಸದ ದಿನಗಳೊಳಗೆ ಅಭಿಪ್ರಾಯ ಕೊಡಬಹುದು. ವಿಚಾರಣೆ ನಡೆದರೆ ಹೋಗಿ ಮಾತಾಡಬಹುದು. ತೀರ್ಮಾನ ಒಪ್ಪಿಗೆ ಆಗದಿದ್ದರೆ ಪರಿಸರ ನ್ಯಾಯಾಲಯಕ್ಕೆ ಮೇಲ್ಮನವಿ.

ಪರ್ಮಿಟ್ ಸಿಕ್ಕರೂ ಷರತ್ತುಗಳ ಉದ್ದ ಪಟ್ಟಿ ಇರುತ್ತದೆ. ನದಿ ಇಷ್ಟಕ್ಕಿಂತ ಕೆಳಗೆ ಇಳಿದರೆ ಪಂಪ್ ನಿಲ್ಲಿಸು, ಎಷ್ಟು ಎತ್ತಿದೆ ಅಂತ ದಾಖಲೆ ಇಡು, ಇತ್ಯಾದಿ. 2010ರ ನಿಯಮದ ಪ್ರಕಾರ ಸೆಕೆಂಡಿಗೆ 5 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತೋ ಪರ್ಮಿಟ್‌ಗೆ ಮೀಟರ್ ಕಡ್ಡಾಯ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಹಾಗಾದರೆ ನ್ಯೂಜಿಲೆಂಡ್‌ನ ನದಿಗಳೆಲ್ಲ ಸ್ವಚ್ಛವಾಗಿರಬೇಕಿತ್ತು. ಇಲ್ಲ. ಯಾಕೆ?

ಒಂದೊಂದು ಚೆಕ್ಕೂ ಸರಿ, ಖಾತೆ ಮಾತ್ರ ಖಾಲಿ

ನಾನು ಕಾಮರ್ಸ್‌ನವನು, ಅದಕ್ಕೆ ಲೆಕ್ಕದಲ್ಲೇ ಹೇಳ್ತೀನಿ. ಒಂದು ಹೊಳೆ, ಬೇಸಿಗೆಯಲ್ಲಿ ಸೆಕೆಂಡಿಗೆ 1,000 ಲೀಟರ್ ಹರಿಯತ್ತೆ ಅಂತ ಇಟ್ಕೊಳ್ಳಿ. ಒಬ್ಬ ರೈತ 40 ಲೀಟರ್ ಕೇಳ್ತಾನೆ. ಬರೀ ಶೇ. 4. ಪರಿಣಾಮ ಅತ್ಯಲ್ಪ ಅಂತ ವರದಿ ಬರತ್ತೆ, ಅದು ಸುಳ್ಳೂ ಅಲ್ಲ. ಪರ್ಮಿಟ್ ಕೊಡ್ತಾರೆ. ಎರಡನೆಯವನಿಗೂ ಅಷ್ಟೇ, ಮೂರನೆಯವಳಿಗೂ ಅಷ್ಟೇ. ಇಪ್ಪತ್ತನೇ ಅರ್ಜಿ ಮುಗಿಯೋ ಹೊತ್ತಿಗೆ 800 ಲೀಟರ್ ಹೋಗಿರತ್ತೆ. ಯಾರೂ ಕಾನೂನು ಮುರಿದಿಲ್ಲ, ಯಾರೂ ಲಂಚ ಕೊಟ್ಟಿಲ್ಲ. ಆದರೆ ಹೊಳೇಲಿ ಮೀನಿಲ್ಲ.

ಪರ್ಮಿಟ್ ಪದ್ಧತಿಯ ದೊಡ್ಡ ಕುರುಡು ಇದೇ. ಒಟ್ಟು ಎಷ್ಟು ತೆಗೆಯಬಹುದು ಅಂತ ಮೊದಲೇ ಗೆರೆ ಹಾಕದಿದ್ದರೆ, ಒಂದೊಂದೇ ಅರ್ಜಿ ನೋಡಿ ಮಾಡಿದ ಸರಿಯಾದ ತೀರ್ಮಾನಗಳೆಲ್ಲ ಸೇರಿ ಒಂದು ತಪ್ಪಾಗುತ್ತದೆ. ಆ ಗೆರೆ ಹಾಕಬೇಕಾದ್ದು ಪ್ರಾದೇಶಿಕ ಯೋಜನೆಯಲ್ಲಿ. ಆದರೆ ಎಷ್ಟೋ ಕಡೆ ಪರ್ಮಿಟ್ ಹಂಚಿದ್ದು ಮೊದಲು, ಗೆರೆ ಬಂದದ್ದು ಆಮೇಲೆ.

ಇದರ ಮೇಲೆ ಇನ್ನೆರಡು ವಿಷಯ. ಒಂದು, ಹಂಚಿಕೆ ನಡೆಯೋದು 'ಮೊದಲು ಬಂದವರಿಗೆ ಮೊದಲು' ಅನ್ನೋ ಲೆಕ್ಕದಲ್ಲಿ. ಯಾರಿಗೆ ಹೆಚ್ಚು ಅಗತ್ಯ ಅನ್ನೋ ಪ್ರಶ್ನೆ ಬರಲ್ಲ, ಯಾರ ಅರ್ಜಿ ಮೊದಲು ಬಂತು ಅನ್ನೋದೇ ಮುಖ್ಯ. ಎರಡು, ನೀರಿಗೆ ಬೆಲೆ ಇಲ್ಲ. ಅರ್ಜಿ ಶುಲ್ಕ, ಮೇಲ್ವಿಚಾರಣೆ ಶುಲ್ಕ ಕೊಡ್ತಾರೆ. ನೀರು ಮಾತ್ರ ಫ್ರೀ.

ಇದರಿಂದ ಹುಟ್ಟಿದ ಒಂದು ಕೇಸ್ ಕೇಳಿ. ಕ್ರೈಸ್ಟ್‌ಚರ್ಚ್ ಪಕ್ಕದ ಬೆಲ್‌ಫಾಸ್ಟ್‌ನಲ್ಲಿ ಉಣ್ಣೆ ತೊಳೆಯೋ ಒಂದು ಹಳೇ ಕಾರ್ಖಾನೆ ಇತ್ತು. ಅದಕ್ಕೆ ಅಂತರ್ಜಲ ಎತ್ತೋ ಪರ್ಮಿಟ್ ಇತ್ತು. ಆ ಪ್ರದೇಶದಲ್ಲಿ ನೀರಿನ ಹಂಚಿಕೆ ಆಗಲೇ ಮುಗಿದಿತ್ತು, ಹೊಸಬರಿಗೆ ಪರ್ಮಿಟ್ ಇಲ್ಲ. ಒಂದು ಬಾಟಲಿ ನೀರಿನ ಕಂಪನಿ ಆ ಜಾಗ ಕೊಂಡಿತು, ಜೊತೆಗೆ ಪರ್ಮಿಟ್ಟೂ ಬಂತು. 'ನೀರು ಎತ್ತೋ ಅನುಮತಿ ಹಳೇದೇ ಇದೆ, ಬಳಕೆ ಮಾತ್ರ ಬದಲಾಯಿಸಿಕೊಡಿ' ಅಂತ ಕೇಳಿತು, ಕೌನ್ಸಿಲ್ ಒಪ್ಪಿತು. ಅಯೊಟಿಯರೊವ ವಾಟರ್ ಆ್ಯಕ್ಷನ್ ಅನ್ನೋ ನಾಗರಿಕರ ಸಂಘಟನೆ ಕೋರ್ಟಿಗೆ ಹೋಯಿತು. ಹೈಕೋರ್ಟ್‌ನಲ್ಲಿ ಸೋತರು. 2022ರಲ್ಲಿ ಕೋರ್ಟ್ ಆಫ್ ಅಪೀಲ್‌ನಲ್ಲಿ ಗೆದ್ದರು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಪರವಾಗಿಯೇ ಹೇಳಿತು: ಉಣ್ಣೆ ತೊಳೆಯೋಕೆ ಅಂತ ಕೊಟ್ಟ ನೀರನ್ನು ಹೀಗೆ ಬಾಟಲಿಗೆ ತುಂಬಿಸೋಕೆ ಬರಲ್ಲ, ಎತ್ತೋದು ಮತ್ತು ಬಳಸೋದನ್ನ ಹೀಗೆ ಬೇರೆ ಬೇರೆ ಮಾಡೋಕಾಗಲ್ಲ.

ಹಸು ಕಾಣಿಸತ್ತೆ, ನೈಟ್ರೇಟ್ ಕಾಣಿಸಲ್ಲ

ಇನ್ನು ಕೊಳೆ. ಕಾರ್ಖಾನೆ ಪೈಪಿನಿಂದ ಕೊಳೆ ಬಂದರೆ ಹಿಡಿಯೋದು ಸುಲಭ, ಪೈಪ್ ಎಲ್ಲಿದೆ ಅಂತ ಕಾಣತ್ತೆ. ನ್ಯೂಜಿಲೆಂಡ್‌ನ ದೊಡ್ಡ ತಲೆನೋವು ಪೈಪಿಲ್ಲದ ಕೊಳೆ. ಹಸುವಿನ ಗಂಜಲದಲ್ಲಿ ಸಾರಜನಕ ತುಂಬಾ ಇರತ್ತೆ. ಅದು ಬಿದ್ದಷ್ಟು ಜಾಗದ ಹುಲ್ಲಿಗೆ ಅಷ್ಟನ್ನೂ ಹೀರಿಕೊಳ್ಳೋಕೆ ಆಗಲ್ಲ. ಉಳಿದದ್ದು ನೈಟ್ರೇಟ್ ಆಗಿ ಮಣ್ಣಿನೊಳಗೆ ಇಳಿದು ಅಂತರ್ಜಲ ಸೇರತ್ತೆ. ಕ್ಯಾಂಟರ್ಬರಿ ಬಯಲಿನ ಥರ ಕಲ್ಲುಮಣ್ಣಿನ ನೆಲದಲ್ಲಿ ಇದು ಇನ್ನೂ ಬೇಗ.

ಇದಕ್ಕೆ ಒಂದು ಉತ್ತರ ಟೌಪೊ ಸರೋವರದಲ್ಲಿ ಸಿಕ್ಕಿತು. ಟೌಪೊ ಆ ದೇಶದ ಅತಿ ದೊಡ್ಡ ಸರೋವರ, ಸುಮಾರು 616 ಚದರ ಕಿಲೋಮೀಟರ್. ಅದರ ತಿಳಿನೀರು ನಿಧಾನವಾಗಿ ಹಾಳಾಗ್ತಿರೋದು ಗೊತ್ತಾದಾಗ ವೈಕಾಟೊ ಪ್ರಾದೇಶಿಕ ಕೌನ್ಸಿಲ್ ಒಟ್ಟು ಸಾರಜನಕಕ್ಕೇ ಮಿತಿ ಹಾಕಿತು. ಪ್ರತಿ ರೈತನಿಗೂ 2001ರಿಂದ 2005ರ ನಡುವಿನ ದಾಖಲೆ ನೋಡಿ ಒಂದು ಪಾಲು ನಿಗದಿ ಮಾಡಿದರು. ಹೆಚ್ಚು ಬೇಕಾದರೆ ಇನ್ನೊಬ್ಬ ರೈತನಿಂದ ಕೊಳ್ಳಬೇಕು. ಇದರ ಜೊತೆಗೆ, ಕೇಂದ್ರ ಸರ್ಕಾರ, ಪ್ರಾದೇಶಿಕ ಕೌನ್ಸಿಲ್ ಮತ್ತು ಟೌಪೊ ಜಿಲ್ಲಾ ಕೌನ್ಸಿಲ್ ಸೇರಿ ಸಾರ್ವಜನಿಕ ಹಣದ ಒಂದು ಟ್ರಸ್ಟ್ ಕಟ್ಟಿದವು. ಅದು ರೈತರಿಂದ ಸಾರಜನಕದ ಪಾಲನ್ನು ಕೊಂಡು ಶಾಶ್ವತವಾಗಿ ರದ್ದು ಮಾಡ್ತಾ ಹೋಯಿತು. ಗುರಿ ಇದ್ದದ್ದು ಶೇ. 20 ಇಳಿಕೆ. ಸುಮಾರು 170 ಟನ್ ಕಡಿತದ ಒಪ್ಪಂದಗಳು 2015ರ ಹೊತ್ತಿಗೆ ಮುಗಿದವು.

ಖರ್ಚೆಷ್ಟು? ಸುಮಾರು 8 ಕೋಟಿ ನ್ಯೂಜಿಲೆಂಡ್ ಡಾಲರ್. ಕೊಟ್ಟವರು ತೆರಿಗೆದಾರರು. ಪರ್ಮಿಟ್ ಕೊಡೋದು ಫ್ರೀ, ವಾಪಸ್ ತಗೊಳ್ಳೋದು ದುಬಾರಿ. ಮತ್ತೆ ಅಷ್ಟು ಹಣ ಕೊಟ್ಟ ಕೂಡಲೇ ಸರೋವರ ಸರಿಹೋಗಲ್ಲ. ದಶಕಗಳ ಹಿಂದೆ ಮಣ್ಣಿಗೆ ಬಿದ್ದ ಸಾರಜನಕ ಅಂತರ್ಜಲದಲ್ಲಿ ನಿಧಾನವಾಗಿ ನಡ್ಕೊಂಡು ಬರ್ತಾನೇ ಇದೆ. ಅಜ್ಜ ಮಾಡಿದ ಸಾಲ ಮೊಮ್ಮಗನ ಖಾತೆಗೆ ಬಂದ ಹಾಗೆ.

ಕ್ಯಾಂಟರ್ಬರಿಯಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 2010ರಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಚುನಾಯಿತ ಕೌನ್ಸಿಲರ್‌ಗಳನ್ನೇ ತೆಗೆದು ತನ್ನ ಕಮಿಷನರ್‌ಗಳನ್ನು ಕೂರಿಸಿತು. ನೀರಿನ ಯೋಜನೆ ಆಗ್ತಿಲ್ಲ ಅನ್ನೋದು ಕೊಟ್ಟ ಕಾರಣ. ಪೂರ್ತಿ ಚುನಾಯಿತ ಕೌನ್ಸಿಲ್ ವಾಪಸ್ ಬಂದದ್ದು 2019ರಲ್ಲಿ. ಸೆಪ್ಟೆಂಬರ್ 2025ರಲ್ಲಿ ಅದೇ ಕೌನ್ಸಿಲ್ 'ನೈಟ್ರೇಟ್ ತುರ್ತುಸ್ಥಿತಿ' ಅಂತ ಘೋಷಿಸಿತು. ಸ್ವಂತ ಬಾವಿ ನೀರು ಕುಡಿಯೋ ಹಳ್ಳಿ ಕುಟುಂಬಗಳಿಗೆ ಇದು ಎಲ್ಲಕ್ಕಿಂತ ಹತ್ತಿರದ ವಿಷಯ. ಹೆಚ್ಚು ನೈಟ್ರೇಟ್ ಇರೋ ನೀರಲ್ಲಿ ಪುಡಿ ಹಾಲು ಕಲಸಿ ಎಳೇ ಮಗುವಿಗೆ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಸಾಗಿಸೋ ಶಕ್ತಿ ಕಡಿಮೆ ಆಗಬಹುದು. ನೀರು ನೋಡೋಕೆ ತಿಳಿಯಾಗೇ ಇರತ್ತೆ, ಕುದಿಸಿದರೂ ನೈಟ್ರೇಟ್ ಹೋಗಲ್ಲ.

ಕರಾವಳಿಯಲ್ಲಿ ಒಂದು ಪದದ ಜಗಳ

ಉಬ್ಬರದ ಗೆರೆಯಿಂದ 12 ನಾಟಿಕಲ್ ಮೈಲಿವರೆಗಿನ ಸಮುದ್ರಕ್ಕೂ ಇದೇ ಕಾನೂನು. 2010ರ ರಾಷ್ಟ್ರೀಯ ಕರಾವಳಿ ನೀತಿಯಲ್ಲಿ ಒಂದು ಮಾತಿದೆ: ಅಸಾಧಾರಣ ಸಹಜ ಸ್ವರೂಪ ಇರೋ ಜಾಗಗಳಿಗೆ ಹಾನಿಯನ್ನು 'ತಪ್ಪಿಸಬೇಕು'. ಮಾರ್ಲ್‌ಬರೊ ಸೌಂಡ್ಸ್‌ನಲ್ಲಿ ಒಂದು ಸಾಲ್ಮನ್ ಮೀನು ಸಾಕಣೆ ಕಂಪನಿ ಹೊಸ ಜಾಗಗಳನ್ನು ಕೇಳಿತು. ಅದರಲ್ಲಿ ಪೋರ್ಟ್ ಗೋರ್ ಕೊಲ್ಲಿಯ ಜಾಗಕ್ಕೆ ಹೆಚ್ಚು ಹಾನಿ ಆಗತ್ತೆ ಅಂತ ವಿಚಾರಣಾ ಮಂಡಳಿಯೇ ಒಪ್ಪಿತು. ಆದರೂ ಉದ್ಯೋಗ, ಆದಾಯ ಎಲ್ಲ ತೂಗಿ ನೋಡಿ ಸರಿ ಅಂದುಬಿಟ್ಟಿತು.

2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: 'ತಪ್ಪಿಸಬೇಕು' ಅಂದ್ರೆ ಆಗಗೊಡಬಾರದು ಅಂತಲೇ ಅರ್ಥ. ತಕ್ಕಡಿಗೆ ಹಾಕಿ ತೂಗಿ ಆಮೇಲೆ ಬಿಡೋದಲ್ಲ. ಪೋರ್ಟ್ ಗೋರ್ ಅನುಮತಿ ಬಿದ್ದುಹೋಯಿತು. ಗೆರೆಯನ್ನು ಮೊದಲೇ ಎಳೆದು ಗಟ್ಟಿ ಪದದಲ್ಲಿ ಬರೆದಿದ್ದರಿಂದ ಅದು ಉಳಿಯಿತು.

ಗೆರೆ ಇದ್ದೂ ಯಾರೂ ನೋಡದಿದ್ದರೆ?

ಆಗಸ್ಟ್ 2016. ಹಾಕ್ಸ್ ಬೇ ಪ್ರದೇಶದ ಹ್ಯಾವ್ಲಾಕ್ ನಾರ್ತ್, ಸುಮಾರು 14,000 ಜನರ ಊರು. ಜೋರು ಮಳೆ ಬಂತು. ಕುರಿ ಮೇಯೋ ಹುಲ್ಲುಗಾವಲಿನ ಹಿಕ್ಕೆ ನೀರಲ್ಲಿ ಸೇರಿ ಊರಿನ ಕುಡಿಯೋ ನೀರಿನ ಬೋರ್‌ವರೆಗೆ ತಲುಪಿತು. ಆ ನೀರಿಗೆ ಕ್ಲೋರಿನ್ ಹಾಕ್ತಿರಲಿಲ್ಲ. 5,000ಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಮಲಗಿದರು. ನಾಲ್ಕು ಸಾವುಗಳಿಗೆ ಇದರ ನಂಟಿದೆ ಅಂತ ವಿಚಾರಣೆಯಲ್ಲಿ ಬಂತು.

ಆ ಬೋರಿಗೆ ಪರ್ಮಿಟ್ ಇತ್ತು, ಷರತ್ತುಗಳೂ ಇದ್ದವು. ಆದರೆ ನೀರು ಪೂರೈಸೋ ಜಿಲ್ಲಾ ಕೌನ್ಸಿಲ್ ಮತ್ತು ಅಂತರ್ಜಲ ನೋಡಿಕೊಳ್ಳೋ ಪ್ರಾದೇಶಿಕ ಕೌನ್ಸಿಲ್, ಇಬ್ಬರೂ ಮಾಡಬೇಕಾದಷ್ಟು ಮಾಡಿಲ್ಲ, ಒಬ್ಬರಿಗೊಬ್ಬರು ಸರಿಯಾಗಿ ಮಾತಾಡಿಯೂ ಇಲ್ಲ ಅಂತ ಸರ್ಕಾರಿ ವಿಚಾರಣೆ ಹೇಳಿತು. ಆಮೇಲೆ ಕುಡಿಯೋ ನೀರಿಗೇ ಅಂತ ಟೌಮಾಟ ಅರೊವೈ ಅನ್ನೋ ರಾಷ್ಟ್ರೀಯ ನಿಯಂತ್ರಕ ಸಂಸ್ಥೆ ಬಂತು.

ಈಗ ಏನು ನಡೀತಿದೆ?

ಆ ಗೆರೆ ಎಲ್ಲಿರಬೇಕು ಅನ್ನೋದೇ ಈಗ ರಾಜಕೀಯ. 2020ರ ರಾಷ್ಟ್ರೀಯ ಸಿಹಿನೀರು ನೀತಿ ಒಂದು ಸಾಲು ಹಾಕಿತ್ತು: ಮೊದಲು ನೀರಿನ ಆರೋಗ್ಯ, ಆಮೇಲೆ ಕುಡಿಯೋ ನೀರಿನಂಥ ಜನರ ಅಗತ್ಯ, ಕೊನೆಗೆ ವ್ಯಾಪಾರ ಮತ್ತು ಉಳಿದದ್ದು. ಮಾವೊರಿ ಜನರ ಚಿಂತನೆಯಿಂದ ಬಂದ 'ತೆ ಮಾನ ಓ ತೆ ವೈ', ಅಂದ್ರೆ ನೀರಿನ ಘನತೆ, ಅದರ ಆಧಾರ. ಇದು ರೈತರಿಗೆ ಭಾರ ಅಂತ ಹೊಸ ಸರ್ಕಾರ 2024ರಲ್ಲಿ ಪರ್ಮಿಟ್ ತೀರ್ಮಾನಗಳಿಂದ ಆ ಸಾಲನ್ನು ಹೊರಗಿಟ್ಟಿತು. ಆರ್‌ಎಂಎ ಬದಲಿಗೆ ಆಗಸ್ಟ್ 2023ರಲ್ಲಿ ಪಾಸಾದ ಎರಡು ಕಾನೂನುಗಳು ಸರ್ಕಾರ ಬದಲಾಗಿ ಅದೇ ಡಿಸೆಂಬರ್‌ನಲ್ಲಿ ರದ್ದಾದವು. ಡಿಸೆಂಬರ್ 2025ರಲ್ಲಿ ಮತ್ತೆ ಎರಡು ಹೊಸ ಮಸೂದೆಗಳು ಬಂದವು. ಅತ್ತ ನೈ ತಾಹು ಅನ್ನೋ ಮಾವೊರಿ ಸಮುದಾಯ, ನೀರಿನ ಮೇಲೆ ತಮಗಿರೋ ಅಧಿಕಾರವನ್ನು ಗುರುತಿಸಿ ಅಂತ ಸರ್ಕಾರದ ವಿರುದ್ಧ ಹೂಡಿದ ಕೇಸಿನ ವಿಚಾರಣೆ 2025ರಲ್ಲಿ ಹೈಕೋರ್ಟ್‌ನಲ್ಲಿ ನಡೆಯಿತು.

ರೈತರ ಮಾತೂ ಕೇಳಬೇಕು. ಪರ್ಮಿಟ್ ಇದೆ ಅಂತ ನಂಬಿ ಬ್ಯಾಂಕ್ ಸಾಲ ತಂದು ಪಂಪು, ಹಾಲು ಕರೆಯೋ ಶೆಡ್ಡು ಕಟ್ಟಿರ್ತಾರೆ. ಕಾನೂನು ಎರಡೆರಡು ವರ್ಷಕ್ಕೆ ಬದಲಾದರೆ ಇಎಂಐ ಕಟ್ಟೋದು ಹೇಗೆ? ಇದು ಸುಳ್ಳು ನೋವಲ್ಲ. ಅದಕ್ಕೇ ಗೆರೆಯನ್ನು ಪರ್ಮಿಟ್ ಕೊಡೋ ಮೊದಲು ಎಳೆಯಬೇಕು ಅನ್ನೋದು. ತಡವಾದಷ್ಟೂ ನದಿಗೂ ನಷ್ಟ, ರೈತರಿಗೂ ನಷ್ಟ.

ನಮ್ಮಲ್ಲೂ ಕಾರ್ಖಾನೆ ಶುರು ಮಾಡೋಕೆ, ನಡೆಸೋಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮ್ಮತಿ' ಬೇಕು. 1974ರ ಜಲ ಕಾಯ್ದೆಯಿಂದ ಬಂದದ್ದು. ಮುಂದಿನ ಸಲ ನಿಮ್ಮ ಊರಿನ ಕೆರೆ ಪಕ್ಕದ ಯಾವುದಾದರೂ ಘಟಕದ ಬಗ್ಗೆ 'ಸಮ್ಮತಿ ಇದೆ, ಎಲ್ಲ ಕಾನೂನು ಪ್ರಕಾರ' ಅಂತ ಯಾರಾದರೂ ಹೇಳಿದರೆ, ಇನ್ನೂ ಒಂದು ಪ್ರಶ್ನೆ ಕೇಳಿ: ಈ ಕೆರೆ ಒಟ್ಟು ಎಷ್ಟು ತಡೆದುಕೊಳ್ಳತ್ತೆ, ಅದರಲ್ಲಿ ಈಗಾಗಲೇ ಎಷ್ಟು ಹಂಚಿ ಆಗಿದೆ?

ಗೆಳೆಯನಿಗೆ ನಾನು ಬರೆದದ್ದು ಇಷ್ಟು: "ಕ್ರೈಸ್ಟ್‌ಚರ್ಚ್‌ನ ನಲ್ಲಿ ನೀರು ನೆಲದ ಕೆಳಗಿಂದಲೇ ಬರೋದು. ಅಂದ್ಮೇಲೆ ನೀನೂ ಆ ಜಾಯಿಂಟ್ ಅಕೌಂಟ್‌ನಲ್ಲಿ ಇದೀಯ." ಅವನು ಆಕ್ಷೇಪಣೆ ಹಾಕಲಿಲ್ಲ, ಬೆಂಬಲವನ್ನೂ ಕೊಡಲಿಲ್ಲ. ಎರಡು ಪ್ರಶ್ನೆ ಬರೆದು ಕಳಿಸಿದ: ಮೀಟರ್ ಲೆಕ್ಕ ಸಾರ್ವಜನಿಕರಿಗೆ ಸಿಗತ್ತಾ? ಅವಧಿ 35 ವರ್ಷ ಯಾಕೆ, 10 ಯಾಕಲ್ಲ? ವಿಚಾರಣೆ ದಿನ ಗೊತ್ತಾದರೆ ರಜೆ ಹಾಕಿ ಹೋಗ್ತಾನಂತೆ. ಏನಾಯ್ತು ಅಂತ ಮುಂದೆ ಹೇಳ್ತೀನಿ.

ಅಲ್ಲಿವರೆಗೆ, ನಿಮ್ಮ ಮನೆ ನೀರು ಎಲ್ಲಿಂದ ಬರತ್ತೆ ಅಂತ ಒಂದು ಸಲ ಕೇಳಿ ತಿಳ್ಕೊಳ್ಳಿ. ನಮಸ್ಕಾರ.